ಎಂಟೂವರೆಗೆ ಬರುತ್ತಾನೆ

ಎಂಟೂವರೆಗೆ ಸರಿಯಾಗಿ ಬರುತ್ತಾನೆ ಲೋಕೇಂದ್ರ,
ಝಾನ್ಸಿಯ ಸಿಪ್ರಿ ಬಜಾರಿನ ಈ ಎರಡನೇ ಮಹಡಿಗೆ,
ಭಾನುವಾರ ಬಿಟ್ಟು.
ಅಷ್ಟರೊಳಗೆ ರೊಟ್ಟಿ ಮುಗಿಸಿ, ಸೆರಗಿಗೆ ಕೈ ಒರೆಸಿ
ಕೂತುಬಿಡುತ್ತೇನೆ.
ಕರೆಂಟು ಹೋದೀತೆಂದು ಕೆಳಮನೆಯ ಇನ್ವರ್ಟರಿನಿಂದ
ಒಂದು ವೈರು ಎಳೆಸಿಕೊಂಡಿದ್ದೇನೆ, ತಿಂಗಳಿಗೆ ನೂರೈವತ್ತು.

ಬಂದವನೇ ಕೂಗಾಡುತ್ತಾನೆ.
ಮೊನ್ನೆ ಆ ಮುದುಕನ ಹೆಬ್ಬೆಟ್ಟು ಒತ್ತಿಸಿಕೊಂಡ, ಯಾವುದೋ ಕಾಗದಕ್ಕೆ.
ನಿನ್ನೆ ಊಟದ ತಟ್ಟೆ ಎಸೆದ.
(ಒಂದು ತುತ್ತಾದರೂ ತಿಂದು ಎಸೆಯಬಾರದಿತ್ತೇ.)
ಇವತ್ತು ಮೆಟ್ಟಿಲ ಕೆಳಗಿನ ಕೋಣೆಗೆ
ಇಬ್ಬರ ಹಾಸಿಗೆಯನ್ನೂ ತಾನೇ ಹೊತ್ತೊಯ್ದು ಒಗೆದ.
ಡೋಲು ಬಡಿಯಿತು, ಮೂರು ಸಲ ಅವನ ಮುಖ ತೋರಿಸಿದರು,
ಎಡದಿಂದ, ಬಲದಿಂದ, ಎದುರಿನಿಂದ.
ನನಗೆ ಆ ಮೂರೂ ಸಲ ಬೇಕು.
ಎಡಗಿವಿಯ ಹಿಂದೆ ಗಾಯದ ಕಲೆ,
ಏಳು ವರ್ಷದವನಿದ್ದಾಗ ಬೇತ್ವಾ ನದಿಯ ಬಂಡೆ ಜಾರಿ ಬಿದ್ದದ್ದು;
ಬಣ್ಣ ಎಷ್ಟು ಮೆತ್ತಿದರೂ ನನಗೆ ಕಾಣುತ್ತದೆ.

ಪಕ್ಕದ ಗೇಂದಾಬಾಯಿ ಟೀವಿಗೆ ಶಾಪ ಹಾಕುತ್ತಾಳೆ:
"ಇಂಥವನನ್ನು ಹೆತ್ತ ಹೊಟ್ಟೆಗೆ ಬೆಂಕಿ ಬೀಳ!"
ಆಮೇಲೆ ನನ್ನ ಕಡೆ ನೋಡಿ ನಾಲಿಗೆ ಕಚ್ಚಿಕೊಳ್ಳುತ್ತಾಳೆ.
ಗಾಡಿಯವನು ಬದನೆ ತೂಗುತ್ತ ಕೇಳುತ್ತಾನೆ,
"ಅಮ್ಮಾಜಿ, ಮನೆಯಲ್ಲೂ ಹೀಗೇನಾ ಅವರು?"
ಅಯ್ಯೋ, ಅದೆಲ್ಲ ನಾಟಕವಪ್ಪ, ಅನ್ನುತ್ತೇನೆ.
ನನ್ನ ಮೇಲೆ ಒಂದು ದಿನ ದನಿ ಎತ್ತಿದವನಲ್ಲ.

ಎತ್ತುವುದಕ್ಕೆ ಎದುರಿಗಿರಬೇಕಲ್ಲ.
ಮುಂಬೈಯಿಂದ ಬಂದುಹೋಗಿ ಎರಡು ದೀಪಾವಳಿ ಕಳೆದವು.
ಫೋನು ಮಾಡಿದರೆ, "ಶಾಟ್ ರೆಡಿ ಇದೆ ಅಮ್ಮಾ, ಆಮೇಲೆ."
ದುಡ್ಡು ಬರುತ್ತದೆ, ಸುಳ್ಳು ಹೇಳಬಾರದು, ಒಂದನೇ ತಾರೀಖಿಗೇ.

ಆ ಇನ್ನೊಬ್ಬಳು, ಟೀವಿಯ ತಾಯಿ,
ಅವಳನ್ನು ಕಂಡರೆ ಊರಿಗೆಲ್ಲ ಕರುಳು ಚುರುಕ್ಕನ್ನುತ್ತದೆ.
ನನಗೆ ಹೊಟ್ಟೆಕಿಚ್ಚು.
ನೂಕುವಾಗ ಅವಳ ತೋಳಿಗೆ ಅವನ ಕೈ ತಾಗುತ್ತದೆ.
ಅಂಗೈ ತಣ್ಣಗಿದೆಯೋ, ಜ್ವರವೋ, ಉಗುರು ಕಚ್ಚುವುದು ಬಿಟ್ಟನೋ
ಅವಳಿಗೆ ಗೊತ್ತು.
ಬಿಡುವಿನಲ್ಲಿ ಒಟ್ಟಿಗೆ ಚಹಾ ಕುಡಿಯುತ್ತಾರಂತೆ,
ಕ್ಯಾಮೆರಾ ನಿಂತ ಮೇಲೂ ಅವಳನ್ನು "ಅಮ್ಮಾ" ಅಂತಾನಂತೆ.

ಈ ರಾತ್ರಿ ಆಕೆ ಒಳಗಿನಿಂದ ಬಾಗಿಲು ಬಡಿಯುತ್ತಿದ್ದಾಳೆ.
ಗೇಂದಾಬಾಯಿ ಮೂಗು ಸೀಟುತ್ತಿದ್ದಾಳೆ.
ಅವನು ಅತ್ತ ತಿರುಗಿ ನಿಂತಿದ್ದಾನೆ, ಕಲ್ಲಿನ ಹಾಗೆ,
ಕುರ್ತಾದೊಳಗೆ ಹೆಗಲ ಮೂಳೆ ಎದ್ದು ಕಾಣುತ್ತಿದೆ.

"ಸೊರಗಿದ್ದಾನೆ ಕಣೇ," ಅಂದೆ.
"ಯಾರು?" ಅಂದಳು, ಗಾಬರಿಯಾಗಿ.

ಅಷ್ಟರಲ್ಲಿ ಸಾಬೂನಿನ ಜಾಹೀರಾತು ಬಂತು.