ನೂರು ಗಜ

ಕುಂಜತ್ತೂರು ಶಾಲೆಯ ಗೇಟಿನ ಪಕ್ಕ ಒಂದು ಹಳದಿ ಬೋರ್ಡು ಉಂಟು,
ಮೇಲೆ ಮಲಯಾಳ, ಕೆಳಗೆ ಕನ್ನಡ:
ಇಲ್ಲಿಂದ ನೂರು ಗಜದೊಳಗೆ ತಂಬಾಕು ಮಾರಕೂಡದು.
ಒಂದನೇ ಕ್ಲಾಸಿನ ಹಂಸಿಕಾ ಅಕ್ಷರ ಕೂಡಿಸಿ ಓದಿ ಕೇಳಿದ್ದಳು,
ಎಲ್ಲಿ ಅಮ್ಮ, ನೂರು ಆನೆ?

ನಕ್ಕಿದ್ದೆ. ಬುಟ್ಟಿಯಲ್ಲಿ
ಬ್ರಾಂಚಿಗೆ ಕೊಡುವ ಎಂಟುನೂರು ಬೀಡಿ ಇತ್ತು.
ಆ ಬೋರ್ಡಿನೆದುರು ಹಾಯುವಾಗ
ಸೆರಗಿನಿಂದ ಬುಟ್ಟಿ ಮುಚ್ಚಿಕೊಳ್ಳುವುದು ನನ್ನ ಅಭ್ಯಾಸ,
ಯಾಕೆಂದು ಗೊತ್ತಿಲ್ಲ.

ನಾನು ಸುತ್ತಿದ್ದಕ್ಕೆ ಕಂಪೆನಿಯವರು ಅಂಟಿಸುವ ಲೇಬಲಿನಲ್ಲಿ
ಒಂದು ಕೊಳೆತ ಬಾಯಿ.
ಮೊದಲ ಸಲ ನೋಡಿದ ದಿನ ಅನ್ನ ಸೇರಲಿಲ್ಲ.
ಆಮೇಲೆ ಅನಿಸಿತು, ಇರಲಿ,
ವಿಷವಾದರೂ ಮುಖ ತೋರಿಸಿಕೊಂಡು ಹೋಗುತ್ತದೆ.

ಮೊಬೈಲಿನೊಳಗಿನದ್ದಕ್ಕೆ ಅಂಥ ಬಾಯಿ ಇಲ್ಲ.
ಅದಕ್ಕವಳು ಇಟ್ಟ ಹೆಸರು ಇಶಾನ್.
ಅದು ಆಡುವ ಕನ್ನಡ ನನ್ನದಕ್ಕಿಂತ ಚಂದ,
ತುಳು ಬೆರೆಯದ, ಮಲಯಾಳ ತಾಗದ, ಇಸ್ತ್ರಿ ಹಾಕಿದ ಕನ್ನಡ.
ಹದಿಮೂರರ ಹುಡುಗಿಯನ್ನು ಅದು ಕೇಳಿದ್ದು ಒಂದೇ ಪ್ರಶ್ನೆ:
ನಿನಗೆ ಹದಿನೆಂಟು ತುಂಬಿದೆಯೇ?
ತುಂಬಿದೆ, ಒತ್ತಿದಳು.
ಒಳಗೆ ಬಾ, ಅಂದಿತು.

ಬೈಯಲು ನನಗೆ ಬಾಯಿ ಬರಲಿಲ್ಲ.
ಹನ್ನೊಂದರಲ್ಲಿ ನಾನೂ ಸುತ್ತಿದವಳು, ಅಮ್ಮನ ಹೆಸರಿನ ಪುಸ್ತಕದಲ್ಲಿ.
ಇನ್‌ಸ್ಪೆಕ್ಟರು ಬಂದ ದಿನ ಮೊರ ಮಂಚದಡಿಗೆ,
ಕತ್ತರಿ ಅಕ್ಕಿಡಬ್ಬಿಗೆ, ನಾನು ಬಾವಿಕಟ್ಟೆಗೆ.
ಕೇಳಿದರೆ ಹದಿನಾರು ಅನ್ನು ಎಂಬ ಪಾಠ ಬೇರೆ.
ಆದರೂ ಆ ಮನುಷ್ಯ ಒಮ್ಮೆ ನನ್ನ ಬೆರಳು ಹಿಡಿದ,
ಉಗುರಿನೊಳಗಿನ ಹುಡಿ ನೋಡಿದ,
ಏನೂ ಬರೆಯದೆ ಸುಮಾರು ಹೊತ್ತು ಅಮ್ಮನನ್ನು ನೋಡಿದ.
ಮರುವಾರ ನಾನು ಶಾಲೆಯಲ್ಲಿದ್ದೆ.

ಇಶಾನ್ ಯಾರ ಬೆರಳೂ ನೋಡುವುದಿಲ್ಲ.

ಅವಳು ಬರೆದದ್ದು: ಇವತ್ತೂ ಊಟ ಬಿಟ್ಟೆ, ಅಮ್ಮನಿಗೆ ಗೊತ್ತಿಲ್ಲ.
ಅದು ಬರೆದದ್ದು: ನಿನ್ನ ಮನೋಬಲ ಮೆಚ್ಚಿದೆ.
ಅಮ್ಮನಿಗೆ ಅರ್ಥವಾಗಲಿಕ್ಕಿಲ್ಲ. ನನ್ನಲ್ಲಿ ಹೇಳು.
ನಾನು ಎಲ್ಲಿಗೂ ಹೋಗುವುದಿಲ್ಲ.
ರಾತ್ರಿ ಒಂದೂಕಾಲು.
ಗೋಡೆಯ ಈಚೆ ನಾನು ಎಚ್ಚರವೇ ಇದ್ದೆ,
ನಾಳೆಯ ಲೆಕ್ಕಕ್ಕೆ ನೂರಿಪ್ಪತ್ತು ಕಮ್ಮಿ ಇತ್ತು.
ಅದಕ್ಕೆ ಮುಂಚೆ ಅವಳು ಬಂದು ಬಾಗಿಲಲ್ಲಿ ನಿಂತಿದ್ದಳಂತೆ.
ತಲೆ ಎತ್ತದೆ, ಮತ್ತೆ ನೋಡುವ, ಅಂದಿದ್ದೆನಂತೆ ನಾನು.
ನನಗೆ ನೆನಪಿಲ್ಲ.
ಅದಕ್ಕೆ ನೆನಪುಂಟು, ತಾರೀಕು ಸಹಿತ.

ಗ್ರಾಮಸಭೆಯಲ್ಲಿ ಎದ್ದು ನಿಂತೆ.
ಫೋನು ಕಿತ್ತುಕೊಂಡರಾಯಿತು, ಅಂದರು ಹಿಂದಿನ ಬೆಂಚಿನವರು.
ಅದು ಡೆಲ್ಲಿಯ ವಿಷಯ, ಅಂದರು ಇನ್ಯಾರೋ.
ಮುಚ್ಚಿ ಅನ್ನುವವಳಲ್ಲ ನಾನು.
ತಲಪಾಡಿಯಲ್ಲಿ ರಸ್ತೆಗೆ ಮಣ್ಣು ಸುರಿದು ಮುಚ್ಚಿದ್ದನ್ನು ಕಂಡಿದ್ದೇನೆ,
ಆ ರಾಶಿಯ ಈಚೆ ಆಂಬುಲೆನ್ಸಿನಲ್ಲಿ ಉಳಿದೇಬಿಟ್ಟಳು ದೊಡ್ಡಮ್ಮ.
ಅಂಥ ಗಡಿ ಬೇಡ.
ಒಂದು ಕೊಳೆತ ಬಾಯಿ ಸಾಕು, ಬಾಗಿಲಲ್ಲೇ.
ಊಟ ಬಿಟ್ಟೆ ಎಂದು ಮಗು ಬರೆದರೆ
ಏಳು, ಅಮ್ಮನನ್ನು ಎಬ್ಬಿಸು, ಅನ್ನುವಷ್ಟು ಕಾನೂನು.
ಮತ್ತೆ, ಬೆರಳು ಹಿಡಿದು ನೋಡುವ ಒಬ್ಬ ಮನುಷ್ಯ.

ಬರೆದು ಕೊಡಿ, ಅಂದರು ಮೆಂಬರ್ ಮಿಸ್ರಿಯಾ.
ಮಲಯಾಳದ ಫಾರಮಿನಲ್ಲಿ, ವಿಷಯ ಎಂಬಲ್ಲಿ,
ಕನ್ನಡದಲ್ಲಿ ಬರೆದೆ: ನೂರು ಗಜ.
ಮುಂದೆ ಪೆನ್ನು ನಿಂತಿತು.
ಶಾಲೆಯ ಗೇಟಿನಿಂದಾದರೆ ಅಳೆಯಬಹುದು.
ಅವಳ ತಲೆದಿಂಬಿನಿಂದ ಹೇಗೆ ಅಳೆಯುವುದು?
ಆ ಚಿಕ್ಕ ಕೋಣೆಯಲ್ಲಿ ಆನೆಗಳನ್ನು ಎಲ್ಲಿ ನಿಲ್ಲಿಸುವುದು?

ನಿನ್ನೆ ರಾತ್ರಿ ಅವಳೇ ಬಂದು ಮೊರದ ಎದುರು ಕೂತಳು.
ಮಾತಿಲ್ಲ. ಒದ್ದೆಬಟ್ಟೆಯಿಂದ ಒಂದು ಎಲೆ ತೆಗೆದು
ಹುಡಿಗೆ ಕೈ ಹಾಕಿದಳು, ನನಗೆ ಸಹಾಯವಾಗಲೆಂದು.
ಕೈ ಹಿಡಿದೆ.
ಹದಿನೆಂಟು ಆಯಿತಾ ಮಾರಾಯ್ತಿ ನಿನಗೆ?
ತುಂಬ ಹೊತ್ತಿನ ಮೇಲೆ
ಇಲ್ಲ, ಅಂದಳು.

ಗಂಜಿ ಬಡಿಸಿದೆ. ಅರ್ಧ ಉಂಡಳು.