ಗಜಕರ್ಣ

ಮೆಗ್ಗಾನ್ ಆಸ್ಪತ್ರೆ, ಚರ್ಮದ ವಿಭಾಗ.
ಇಮ್ದಾದ್ ಸಾಬರು ಲುಂಗಿಯ ಗಂಟು ಸಡಿಲಿಸುವ ಮೊದಲು
ಬಾಗಿಲ ಚಿಲಕ ಎರಡು ಸಲ ನೋಡಿದರು.
ಸಕ್ರೆಬೈಲಿನಲ್ಲಿ ಮೂವತ್ತು ವರ್ಷ
ಆನೆಯ ಕಿವಿಯ ಹಿಂದೆ ಕೂತ ಮನುಷ್ಯ.
ಸೊಂಟದ ಸುತ್ತ ಕೆಂಪಗೆ, ಅಂಚು ಉಬ್ಬಿ, ನಡುವೆ ಮಾಸಿ,
ಒಂದರ ಮೇಲೊಂದು ಕಿವಿ.

'ಏನಂತಾರೆ ಇದಕ್ಕೆ?'
'ಗಜಕರ್ಣ' ಅಂದೆ.
ನಕ್ಕುಬಿಟ್ಟರು.

ಚೀಲದಿಂದ ಒಂಬತ್ತು ಟ್ಯೂಬು ಹೊರಬಂತು,
ಬುಡದಿಂದ ಸುರುಳಿ ಸುತ್ತಿದ್ದು.
ಗಾಜನೂರಿನ ಮೆಡಿಕಲ್ ಹುಡುಗ ಕೊಟ್ಟದ್ದು,
ಭಾವ ಕೊಟ್ಟದ್ದು, ಒಂದು ಹೆಂಡತಿಯ ಫೇಸ್ ಕ್ರೀಮು.
ಎಲ್ಲದರಲ್ಲೂ ಸ್ಟಿರಾಯ್ಡ್.
ಹಚ್ಚಿದರೆ ತುರಿಕೆ ಮಲಗುತ್ತೆ,
ಬೂಸ್ಟು ಒಳಗೊಳಗೇ ಮೇಯುತ್ತಿರುತ್ತೆ.

ಬ್ಲೇಡಿನಿಂದ ಅಂಚನ್ನು ಕೆರೆದೆ. ತೌಡಿನಂಥ ಹೊಟ್ಟು,
ಗಾಜಿನ ಮೇಲೆ ಕ್ಷಾರದ ಒಂದು ಹನಿ.
'ನೋಡ್ತೀರಾ?'
ಒಂದೇ ಕಣ್ಣು ಮುಚ್ಚಲು ಬಾರದೆ
ಇನ್ನೊಂದನ್ನು ಅಂಗೈಯಿಂದ ಒತ್ತಿಕೊಂಡು ಬಗ್ಗಿದರು.
'ಕಾಡಲ್ಲಿ ಜಾಡು ಬಿದ್ದಂಗಿದೆ ಮೇಡಂ.'

ಕಲೆಯಿಂದ ಆಚೆಗೂ ಎರಡು ಬೆರಳು ಹಚ್ಚಿ,
ಬಟ್ಟೆ ಬೇರೆ ಒಗೆದು ಬಿಸಿಲಿಗೆ ಹಾಕಿ,
ಮನೆಯವರನ್ನೂ ಕರೆತನ್ನಿ,
ಮಾಸಿದ ಮೇಲೂ ಹದಿನೈದು ದಿನ ನಿಲ್ಲಿಸಬೇಡಿ.
ಎಲ್ಲರೂ ತಲೆಯಾಡಿಸುತ್ತಾರೆ. ಯಾರೂ ಕೇಳುವುದಿಲ್ಲ.

ಲುಂಗಿ ಬಿಗಿದುಕೊಳ್ಳುತ್ತ ಅವರು:
'ಕಾಳಿಂಗಂಗೆ ಮದ ಇಳೀತು ಅಂತ
ಅವತ್ತೇ ಸರಪಳಿ ಬಿಚ್ಚಿದ್ದೆ ಒಂದ್ಸಲ.'
ಎಡಗೈ ತೋರಿಸಿದರು. ಮೊಣಕೈ ಸೊಟ್ಟ.

ಎದ್ದು, ಎಣಿಸಿ,
ಎಂಟು ಟ್ಯೂಬು ಕಸದ ಬುಟ್ಟಿಗೆ ಹಾಕಿದರು.
ಒಂಬತ್ತನೆಯದನ್ನು ಬೆರಳಲ್ಲಿ ಹೊರಳಿಸಿ
ಮತ್ತೆ ಚೀಲಕ್ಕಿಟ್ಟರು:
'ಇದನ್ನ ಮಾತ್ರ
ನೀವೇ ಅವಳಿಗೆ ಹೇಳ್ಬೇಕು.'