ಜೊತೆಗೆ ಬಂದವರು

ಇಸಾಫ್ಯೋರ್ದುರ್ ಬಂದರಿನ ಕಚೇರಿ. ಜನವರಿ.
ಬೆಳಿಗ್ಗೆ ಒಂಬತ್ತಾದರೂ ಕತ್ತಲೆ.
ಉಬ್ಬರವಿಳಿತದ ಪಟ್ಟಿ ಅಚ್ಚು ಹಾಕಲೆಂದು
ಸಿಗ್ರೂನ್ ಕರೆದದ್ದು ಒಂದೇ ಪ್ಯಾಕೇಜು;
ಬಂದಿಳಿದದ್ದು ದಿಬ್ಬಣ.

ಯಾರ್ಯಾರು ಬಂದಿರಿ, ಎಲ್ಲೆಲ್ಲಿ ಕೂತಿರಿ?
ಕೇಳಿದ್ದೇ ತಡ
ಪರದೆಯ ತುಂಬ ಆರುನೂರ ಹನ್ನೆರಡು ಸಾಲು:
ನೆಂಟರು, ನೆಂಟರ ನೆಂಟರು,
ಹೆಸರಿಗಿಂತ ಬಾಲ ಉದ್ದದ ಲೈಬ್ರರಿಗಳು,
ಯಾರೂ ತೆರೆಯದ ಕೈಪಿಡಿ ಹದಿನಾಲ್ಕು ಭಾಷೆಯಲ್ಲಿ,
ಒಂದು ಖಾಲಿ ಫೋಲ್ಡರು
ಇನ್ನೂ ಬಾರದವರಿಗೆ ಹಾಸಿಟ್ಟ ಎಲೆಯ ಹಾಗೆ.

ಹುಡುಕುತ್ತಿದ್ದುದು ಡಿಸ್ಕ್ ತುಂಬಿದ ದಢೂತಿಗಳನ್ನು.
ಬೆರಳು ನಿಂತದ್ದು
ಅಂಗೈಯಗಲದ ಒಂದು ಕಡತದ ಮೇಲೆ.
ಒಳಗೆ ಒಂದೇ ಮಾತು:
‘ಇದನ್ನು ತೆಗೆದರೆ ಏನೋ ಮುರಿಯುತ್ತದೆ.
ಏನೆಂದು ಮರೆತಿದ್ದೇನೆ.’

ಅಳಿಸಲಿಲ್ಲ.
ಹೊರಗೆ ಹಾಲ್‌ವರ್ದುರನ ದೋಣಿ ಕೆಮ್ಮಿ ಕೆಮ್ಮಿ ಹೊತ್ತಿಕೊಂಡಿತು.
ಪ್ರಿಂಟರಿನಿಂದ ಒಂದೇ ಹಾಳೆ, ಬೆಚ್ಚಗೆ:
ಉಬ್ಬರ, ಹನ್ನೆರಡೂ ನಲವತ್ತಕ್ಕೆ.